ಕ್ರಿಸ್‌ಮಸ್ ದಿನ ರೈಲಿಲ್ಲ, ಗೊತ್ತಲ್ವಾ?

ಪ್ರಶ್ನೆ: ಎಂಎಸ್‌ಸಿ ಮಾಡಲು ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಶೆಫೀಲ್ಡಿಗೆ ಬಂದೆ. ಡಿಸೆಂಬರ್ ಮಧ್ಯಕ್ಕೆ ಕ್ಲಾಸು ಮುಗಿಯುತ್ತದೆ. ಫ್ಲ್ಯಾಟ್‌ನಲ್ಲಿ ಆರು ಜನ ಇದ್ದೇವೆ. ಉಳಿದ ಐವರೂ ಮನೆಗೆ ಹೊರಟಿದ್ದಾರೆ. ನನಗೆ ಟಿಕೆಟ್ಟಿಗೆ ದುಡ್ಡು ಹೊಂದಲಿಲ್ಲ. ಕ್ಲಾಸಿನ ಗೆಳತಿಯೊಬ್ಬಳು, ಇಲ್ಲಿಯವಳೇ, ‘ಕ್ರಿಸ್‌ಮಸ್ ಊಟಕ್ಕೆ ನಮ್ಮನೆಗೆ ಬಾ, ಅಮ್ಮ ಹೇಳಿದ್ದಾರೆ’ ಅಂದಳು. ಸುಮ್ನೆ ಬಾಯಿಮಾತಿಗೆ ಕರೆದಿರಬಹುದು ಅಂತ ಅನುಮಾನ. ನಾನು ಸಸ್ಯಾಹಾರಿ ಬೇರೆ. ಅದರ ಬದಲು 25ರಂದು ಲಂಡನ್‌ಗೆ ಹೋಗಿ ದೀಪಾಲಂಕಾರ ನೋಡಿಕೊಂಡು ಬಂದರೆ ಹೇಗೆ? ಗೆಳೆಯನೊಬ್ಬ ಪ್ಯಾರಿಸ್‌ಗೆ ಹೋಗೋಣ ಅಂತಿದ್ದಾನೆ.
– ಹೆಸರು ಬೇಡ

ಉತ್ತರ: ಮೊದಲು ಲಂಡನ್ ವಿಷಯ ಮುಗಿಸಿಬಿಡೋಣ. 25ರಂದು ನೀವು ಹೋಗುವುದು ಯಾವುದರಲ್ಲಿ? ಆ ದಿನ ರೈಲು ಓಡುವುದಿಲ್ಲ. 26ಕ್ಕೂ ಬಹುತೇಕ ಕಡೆ ಇಲ್ಲ. ಒಂದೆರಡು ಕೋಚ್ ಬಸ್ ಹಿಡಿದು ಹೇಗೋ ತಲುಪಿದಿರಿ ಅಂದುಕೊಳ್ಳಿ. ಅಲ್ಲಿ ಮೆಟ್ರೊ ಇಲ್ಲ, ಸಿಟಿ ಬಸ್ ಇಲ್ಲ, ಮ್ಯೂಸಿಯಂ ಬಾಗಿಲು ಹಾಕಿರುತ್ತದೆ. ದೀಪಗಳೇನೋ ಇರುತ್ತವೆ. ಆದರೆ ಅವು ನವೆಂಬರ್‌ನಿಂದಲೇ ಉರಿಯುತ್ತಿರುತ್ತವಲ್ಲ! ಕ್ಲಾಸು ಮುಗಿದ ವಾರವೇ ಹೋಗಿ ಬನ್ನಿ. ಟ್ರಫಾಲ್ಗರ್ ಚೌಕದ ದೊಡ್ಡ ಮರವನ್ನು ಮರೆಯದೆ ನೋಡಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಮಾಡಿದ ಸಹಾಯಕ್ಕೆ ನಾರ್ವೆಯವರು 1947ರಿಂದ ಪ್ರತಿವರ್ಷ ಕಳಿಸುತ್ತಿರುವ ಮರ ಅದು.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ನಾನೂ ಬೇಸ್ತು ಬಿದ್ದಿದ್ದೆ. ಓದಲು ಲೀಡ್ಸ್‌ಗೆ ಹೋದ ಮೊದಲ ವರ್ಷ. ಯಾರ್ಕ್‌ನಲ್ಲಿದ್ದ ಗೆಳತಿ 25ಕ್ಕೆ ಬಾ ಎಂದಿದ್ದಳು. ರೈಲಿನಲ್ಲಿ ಅರ್ಧ ಗಂಟೆ ಅಷ್ಟೇ, ಅಲ್ವಾ? ಟೈಮು ನೋಡುವ ಗೋಜಿಗೇ ಹೋಗಲಿಲ್ಲ. ಕೋಟು ಹಾಕಿ, ಅವಳ ಮನೆಯವರಿಗೆಂದು ತಂದಿದ್ದ ದೊಡ್ಡ ಚಾಕೊಲೇಟ್ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಸ್ಟೇಷನ್‌ಗೆ ನಡೆದೆ. ದಾರಿಯುದ್ದಕ್ಕೂ ಒಂದು ನರಪಿಳ್ಳೆ ಇಲ್ಲ. ಸಿಗ್ನಲ್‌ ದೀಪ ಮಾತ್ರ ಖಾಲಿ ರಸ್ತೆಗೆ ಕೆಂಪು, ಹಸಿರು ತೋರಿಸುತ್ತಿತ್ತು. ಸ್ಟೇಷನ್‌ಗೆ ಶಟರ್ ಎಳೆದಿತ್ತು. ಒಂದು ಸ್ಟೇಷನ್‌ಗೆ ಶಟರ್ ಇರುತ್ತದೆ ಅನ್ನುವುದೇ ನನಗೆ ಆವತ್ತಿನ ತನಕ ಗೊತ್ತಿರಲಿಲ್ಲ. ವಾಪಸ್ ಬಂದು ಮಂಚದ ಮೇಲೆ ಕೂತು ಅಷ್ಟೂ ಚಾಕೊಲೇಟ್ ನಾನೇ ತಿಂದೆ. ಸಂಜೆ ಹೊಟ್ಟೆನೋವು.

ಪ್ಯಾರಿಸ್‌ಗೆ ಬ್ರಿಟನ್ನಿನ ಸ್ಟೂಡೆಂಟ್ ವೀಸಾ ನಡೆಯುವುದಿಲ್ಲ, ಷೆಂಗೆನ್ ವೀಸಾ ಬೇರೆಯೇ ಬೇಕು. ಅದಕ್ಕೆ ಅಪಾಯಿಂಟ್‌ಮೆಂಟ್, ದಾಖಲೆ, ಆಮೇಲೆ ಕಾಯುವುದು. ಡಿಸೆಂಬರ್‌ನಲ್ಲಿ ಯೋಚನೆ ಮಾಡಿ ಡಿಸೆಂಬರ್‌ನಲ್ಲೇ ಹೋಗಲಾಗದು. ಈಸ್ಟರ್ ರಜೆಗೆ ಇಟ್ಟುಕೊಳ್ಳಿ.

ಈಗ ಆ ಊಟದ ಕರೆ. ‘ಯಾವತ್ತಾದ್ರೂ ಮನೆಗೆ ಬಾ’ ಅಂದಿದ್ದರೆ ಅದು ಬಾಯಿಮಾತು, ಒಪ್ಪುತ್ತೇನೆ. ಇಂಥ ದಿನ, ಇಂಥ ಊಟಕ್ಕೆ ಬಾ, ಅಮ್ಮ ಹೇಳಿದ್ದಾರೆ ಅಂದರೆ ಅಲ್ಲಿ ನಿಮಗೊಂದು ಕುರ್ಚಿ ಎಣಿಸಿಟ್ಟಿದ್ದಾರೆ ಎಂದರ್ಥ. ವರ್ಷದ ಆ ಒಂದು ಊಟಕ್ಕೆ ಅಲ್ಲಿಯವರು ಸುಮ್ಮಸುಮ್ಮನೆ ಯಾರನ್ನೂ ಕರೆಯುವುದಿಲ್ಲ. ಹೋಗಿ. ಇವತ್ತೇ ಹೂಂ ಅನ್ನಿ, ಯಾಕೆಂದರೆ ಅವರು ಅಳತೆ ನೋಡಿ ಸಾಮಾನು ತರಬೇಕು. ಜೊತೆಗೇ ‘ಕರೆದುಕೊಂಡು ಹೋಗಲು ಯಾರಾದರೂ ಕಾರಿನಲ್ಲಿ ಬರುತ್ತೀರಾ?’ ಅಂತ ಕೇಳಿ. ಬಸ್ಸು, ಟ್ರಾಮ್ ನಂಬಬೇಡಿ. ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ನಾನು ಕೇಳದೆ ಏನಾಯಿತು ನೋಡಿದಿರಲ್ಲ.

ಸಸ್ಯಾಹಾರದ ಮಾತು ಈಗಲೇ ಬಿಡಿಸಿ ಹೇಳಿ. ‘ನಾನ್‌ವೆಜ್ ತಿನ್ನಲ್ಲ’ ಅಂದರೆ ಸಾಲದು, ಯಾಕೆಂದರೆ ಸಮಸ್ಯೆ ತಟ್ಟೆಯ ನಡುವಿನ ಟರ್ಕಿ ಕೋಳಿಯದ್ದಲ್ಲ. ಅದು ಕಣ್ಣಿಗೆ ಕಾಣುತ್ತದೆ. ಹೊಂಬಣ್ಣದ ಗರಿಗರಿ ಆಲೂಗಡ್ಡೆ ಇರುತ್ತದಲ್ಲ, ಅದನ್ನು ಎಷ್ಟೋ ಮನೆಗಳಲ್ಲಿ ಹೆಬ್ಬಾತಿನ ಕೊಬ್ಬಿನಲ್ಲಿ ಹುರಿಯುತ್ತಾರೆ. ಗ್ರೇವಿ ಮಾಂಸದ ರಸದ್ದು. ಕೊನೆಗೆ ಬ್ರಾಂದಿ ಸುರಿದು ಬೆಂಕಿ ಹಚ್ಚಿ ತರುವ ಕ್ರಿಸ್‌ಮಸ್ ಪುಡ್ಡಿಂಗಿಗೆ ಹಳೇ ಕ್ರಮದಲ್ಲಿ ದನದ ಕೊಬ್ಬು ಹಾಕುತ್ತಾರೆ. ಸಸ್ಯಜನ್ಯ ಕೊಬ್ಬಿನದ್ದೂ ಸಿಗುತ್ತದೆ. ತಮಾಷೆ ಅಂದರೆ ಮಿನ್ಸ್ ಪೈ ಅಂತ ಹೆಸರಿರುವುದರೊಳಗೆ ಮಾಂಸವೇ ಇಲ್ಲ, ಒಣದ್ರಾಕ್ಷಿಯ ಹೂರಣ. ಅದಕ್ಕೂ ಕೊಬ್ಬು ಯಾವುದೆಂದು ಮಾತ್ರ ಕೇಳಿಕೊಳ್ಳಿ. ಮೊದಲೇ ತಿಳಿಸಿದರೆ ಆ ತಾಯಿ ನಿಮಗೆಂದೇ ಬೀಜಗಳ ನಟ್ ರೋಸ್ಟ್ ಮಾಡಿಯಾರು. ಊಟಕ್ಕೆ ಕೂತ ಮೇಲೆ ಹೇಳಿದರೆ ಪಾಪ, ಅವರ ಮುಖ ನೋಡಲಾಗುವುದಿಲ್ಲ.

ಬರಿಗೈಯಲ್ಲಿ ಹೋಗಬೇಡಿ, ಹಾಗೆಂದು ಮನೆಮಂದಿಗೆಲ್ಲ ಉಡುಗೊರೆ ಹೊರಬೇಕಿಲ್ಲ. ಒಂದು ಚಾಕೊಲೇಟ್ ಡಬ್ಬಿ ಸಾಕು. ಸ್ವಂತ ಅನುಭವ ಹೇಳುವುದಾದರೆ ಡಬ್ಬಿ ಒಡೆಯದೆ ತಲುಪಿಸಿ.

ಊಟಕ್ಕೆ ಮುಂಚೆ ಪ್ರತಿ ತಟ್ಟೆಯ ಪಕ್ಕ ಬಣ್ಣದ ಕಾಗದ ಸುತ್ತಿದ ಒಂದು ಕೊಳವೆ ಇರುತ್ತದೆ. ಕ್ರ್ಯಾಕರ್ ಅಂತಾರೆ. ಒಂದು ತುದಿ ನೀವು ಹಿಡಿಯಬೇಕು, ಇನ್ನೊಂದು ಪಕ್ಕದವರು. ಎಳೆದರೆ ಟಪ್ ಅಂತ ಹರಿಯುತ್ತದೆ. ಒಳಗೆ ಒಂದು ಪುಟಾಣಿ ಸಾಮಾನು, ಒಂದು ಜೋಕು, ಒಂದು ಕಾಗದದ ಕಿರೀಟ. ಕಿರೀಟ ಹಾಕಿಕೊಳ್ಳಲೇಬೇಕು, ಅಜ್ಜನಿಂದ ಹಿಡಿದು ಎಲ್ಲರೂ ಹಾಕಿಕೊಂಡಿರುತ್ತಾರೆ. ಮರುವರ್ಷ ಸಹಪಾಠಿಯೊಬ್ಬಳ ಮನೆಗೆ ಹೋದಾಗ ನನಗೆ ನೇರಳೆ ಬಣ್ಣದ್ದು ಸಿಕ್ಕಿತು. ದೊಡ್ಡದು, ಮೂಗಿನ ತನಕ ಜಾರುತ್ತಿತ್ತು. ಅವಳಜ್ಜಿ ಎದ್ದು ಬಂದು ಹಿಂದೆ ಒಂದು ಮಡಿಕೆ ಹಾಕಿ, ತಮ್ಮ ಕೂದಲಿನ ಪಿನ್ನು ತೆಗೆದು ಸಿಕ್ಕಿಸಿದರು. ಜೋಕು ಓದಿದೆ, ನನಗೇ ಅರ್ಥವಾಗಲಿಲ್ಲ. ಎಲ್ಲರೂ ‘ಅಯ್ಯೋ’ ಎಂದು ನರಳಿದರು. ನಾನು ಏನೋ ತಪ್ಪು ಮಾಡಿದೆ ಅಂದುಕೊಂಡೆ. ಜೋಕು ಕೆಟ್ಟದಾಗಿರಬೇಕು, ಕೇಳಿದವರು ನರಳಬೇಕು, ಆಟವೇ ಹಾಗೆ! ರಾತ್ರಿ ಕನ್ನಡಿ ನೋಡಿಕೊಂಡರೆ ಬೆವರಿಗೆ ಬಣ್ಣ ಬಿಟ್ಟು ಹಣೆಗೆ ಅಡ್ಡಡ್ಡ ನೇರಳೆ ಗೆರೆ. ಆ ಮನೆಯವರು ಯಾರೂ ಹೇಳಿರಲಿಲ್ಲ. ಮೂರು ಗಂಟೆಗೆ ಟೀವಿಯಲ್ಲಿ ರಾಜರ ಭಾಷಣ ಬರುತ್ತದೆ, ಆಗ ಸೋಫಾದಲ್ಲಿ ಅರ್ಧ ಜನ ನಿದ್ದೆ ಮಾಡಿದ್ದರೆ ಗಾಬರಿಯಾಗಬೇಡಿ.

ಉಳಿದ ದಿನಗಳಿಗೆ ಎರಡು ಮಾತು. 24ರೊಳಗೆ ಮೂರು ದಿನದ ಸಾಮಾನು ತಂದಿಡಿ. 280 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಯನ್ನು ಕ್ರಿಸ್‌ಮಸ್ ದಿನ ತೆರೆಯುವಂತಿಲ್ಲ ಅಂತ ಅಲ್ಲಿ 2004ರ ಕಾನೂನೇ ಇದೆ. ಇನ್ನೊಂದು, ನಿಮ್ಮ ಊರಿನ ವಾಯವ್ಯದ ಹಳ್ಳಿಗಳಲ್ಲಿ, ಸ್ಟಾನಿಂಗ್ಟನ್, ಡಂಗ್‌ವರ್ತ್ ಕಡೆ, ನವೆಂಬರ್‌ನಿಂದ ಡಿಸೆಂಬರ್ 26ರ ತನಕ ಪಬ್‌ಗಳಲ್ಲಿ ಜನ ಸೇರಿ ಅಲ್ಲಿಯವೇ ಆದ ಕ್ಯಾರಲ್ (ಕ್ರಿಸ್‌ಮಸ್ ಗೀತೆ) ಹಾಡುತ್ತಾರೆ. ಒಂದೇ ಹಾಡಿಗೆ ಹಲವು ಧಾಟಿ. ಕುಡಿಯಲೇಬೇಕೆಂದಿಲ್ಲ, ನಿಂಬೆ ಪಾನಕ ಹಿಡಿದು ಮೂಲೆಯಲ್ಲಿ ನಿಂತು ಕೇಳಿ. ಲಂಡನ್‌ನಲ್ಲಿ ಇದು ಸಿಗುವುದಿಲ್ಲ.

ಪ್ರಶ್ನೆ: ಮಗ ಬ್ರಿಟನ್ನಿನಲ್ಲಿ ಓದುತ್ತಿದ್ದಾನೆ. ರಜೆಯಲ್ಲಿ ಹಾಸ್ಟೆಲಿನಲ್ಲಿ ಒಬ್ಬನೇ ಇರುತ್ತಾನಂತೆ. ಫೋನ್ ಮಾಡಿದರೆ ‘ಚೆನ್ನಾಗಿದ್ದೀನಿ’ ಅಂತ ಇಟ್ಟುಬಿಡುತ್ತಾನೆ. ನನಗೆ ನಿದ್ದೆ ಬರುವುದಿಲ್ಲ.
– ಒಬ್ಬ ತಾಯಿ

ಉತ್ತರ: ಅಮ್ಮಾ, ದಿನಕ್ಕೆ ನಾಲ್ಕು ಸಲ ಮಾಡುವ ಬದಲು ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ಅವನ ಮಧ್ಯಾಹ್ನ ನಾಲ್ಕು ನಿಮಗೆ ರಾತ್ರಿ ಒಂಬತ್ತೂವರೆ. ಡಿಸೆಂಬರಿನಲ್ಲಿ ಅಲ್ಲಿ ಕತ್ತಲಾಗುವುದು ಅದೇ ಹೊತ್ತಿಗೆ, ಒಬ್ಬರೇ ಇದ್ದರೆ ಮನಸ್ಸು ಕುಗ್ಗುವುದೂ ಆಗಲೇ. ‘ಊಟ ಆಯ್ತಾ’ ಬಿಟ್ಟು ‘ಇವತ್ತು ಎಲ್ಲಿಗೆ ನಡೆದುಕೊಂಡು ಹೋಗಿದ್ದೆ, ತೋರಿಸು’ ಅನ್ನಿ. ಹೊರಗೆ ಹೋಗದಿದ್ದರೂ ನಾಳೆ ಹೋಗುತ್ತಾನೆ. ಈ ನಂಬರುಗಳನ್ನು ಅವನಿಗೆ ಕಳಿಸಿಡಿ: ಹುಷಾರಿಲ್ಲದಿದ್ದರೆ 111, ತುರ್ತಿಗೆ 999, ಮನಸ್ಸು ತೀರಾ ಕೆಟ್ಟರೆ ಮಾತಾಡಲು ಸಮಾರಿಟನ್ಸ್‌ನವರ 116 123. ಕ್ರಿಸ್‌ಮಸ್ ದಿನವೂ ಫೋನ್ ಎತ್ತುತ್ತಾರೆ, ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ: ರಜೆಯಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕೆಲಸ ಮಾಡಬಹುದಾ? ಗೆಳೆಯನ ಡೆಲಿವರಿ ಅಕೌಂಟ್ ಖಾಲಿ ಇದೆ.
– ಪದವಿ ವಿದ್ಯಾರ್ಥಿ, ಇಂಗ್ಲೆಂಡ್

ಉತ್ತರ: ನಿಮ್ಮ ವೀಸಾದಲ್ಲಿ 20 ಗಂಟೆ ಅಂತಿದ್ದರೆ, ವಿಶ್ವವಿದ್ಯಾಲಯ ಪ್ರಕಟಿಸಿದ ರಜೆಯ ತಾರೀಕುಗಳೊಳಗೆ ಪೂರ್ತಿ ಹೊತ್ತು ಮಾಡಬಹುದು. ಕ್ಲಾಸು ಬೇಗ ಮುಗಿದ ಮಾತ್ರಕ್ಕೆ ರಜೆ ಶುರುವಾಗಲಿಲ್ಲ, ತಾರೀಕನ್ನು ನೋಡಿಕೊಳ್ಳಿ. ಪಿಎಚ್‌ಡಿಯವರಿಗೆ ಈ ರಜೆ ತಾನಾಗಿ ಸಿಗುವುದಿಲ್ಲ. ಗೆಳೆಯನ ಅಕೌಂಟ್ ಮಾತ್ರ ಮುಟ್ಟಬೇಡಿ. ಆ್ಯಪ್ ಡೆಲಿವರಿಯನ್ನು ಸ್ವಂತ ಉದ್ಯೋಗವೆಂದು ಲೆಕ್ಕ ಹಾಕುತ್ತಾರೆ, ಸ್ಟೂಡೆಂಟ್ ವೀಸಾದಲ್ಲಿ ಅದಕ್ಕೆ ಅನುಮತಿಯೇ ಇಲ್ಲ. ಗಂಟೆ ಎಷ್ಟೇ ಇರಲಿ.