ಬೀಡಿ ಬ್ರಾಂಚಿನವರೆಗೂ ಕ್ಯಾಮೆರಾ ಹೋಗಲಿ

ಬ್ರಹ್ಮಾವರದ ಓದುಗರೊಬ್ಬರು ಬರೆದಿದ್ದಾರೆ: ‘ಮದುವೆ ವಿಡಿಯೋ ಮಾಡಿ ಜೀವನ ನಡೆಸುತ್ತಿದ್ದೇನೆ. ಅಮ್ಮ ಬೀಡಿ ಕಟ್ಟುತ್ತಾರೆ. ಅವರ ಬಗ್ಗೆ, ನಮ್ಮೂರಿನ ಜನರ ದಿನನಿತ್ಯದ ಬದುಕಿನ ಬಗ್ಗೆ ಸಾಕ್ಷ್ಯಚಿತ್ರ ಮಾಡಬೇಕು, ಅದೇ ನನ್ನ ಕೆಲಸ ಆಗಬೇಕು. ಇದನ್ನೆಲ್ಲ ಯಾರು ನೋಡ್ತಾರೆ, ಹೊಟ್ಟೆ ತುಂಬುತ್ತಾ ಅಂತ ಮನೆಯಲ್ಲಿ ಕೇಳುತ್ತಾರೆ.’

ಹೊಟ್ಟೆಯ ಮಾತು ಮೊದಲು. ಬರೀ ಸಾಕ್ಷ್ಯಚಿತ್ರದಿಂದ ಮನೆ ನಡೆಸುವವರು ನಮ್ಮ ಕಡೆ ಬಹಳ ಕಡಿಮೆ ಮಾರಾಯ್ರೆ. ಮದುವೆ ವಿಡಿಯೋ ಬಿಡಬೇಡಿ. ಧಾರೆ ಎರೆಯುವಾಗ ಇನ್ನೊಂದು ಸಲ ಮಾಡಿ ಅನ್ನೋಕಾಗಲ್ಲ ಅಲ್ವಾ, ಅಡ್ಡ ಬಾರದೆ ನಿಂತು ಆ ಗಳಿಗೆ ಹಿಡಿಯುವುದು ನಿಮಗೆ ಈಗಾಗಲೇ ಗೊತ್ತಿದೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನಂಥ ಸಂಸ್ಥೆಗಳು ಅನುದಾನ ಕೊಡುತ್ತವೆ. ಅರ್ಜಿ ಹಾಕಿ. ಹಣ ಬರಲಿ ಅಂತ ಕಾಯುತ್ತಾ ಕೂರಬೇಡಿ.

ಯಾರು ನೋಡ್ತಾರೆ ಅನ್ನುವುದಕ್ಕೆ ಬರುತ್ತೇನೆ. ನಿಮ್ಮ ಹತ್ತಿರದ ಮಲ್ಪೆ ಮೀನುಗಾರಿಕೆ ಬಂದರಿಗೆ ಕ್ಯಾಮೆರಾ ಹಿಡಿದು ಬರುವವರು ದಕ್ಕೆಯ ಬೆಳಗು, ಮೀನಿನ ಏಲಂ ತೆಗೆದುಕೊಂಡು ಹೋಗುತ್ತಾರೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹೊರಗೆ ಮಳೆ, ಒಳಗೆ ಬಲೆ ರಿಪೇರಿ, ಕೈಗೆ ಕೆಲಸ ಇದ್ದರೂ ಬಾಯಿಗೆ ಬಿಡುವು. ಸಾಲದ ಮಾತು, ಮಗಳ ಮದುವೆಯ ಮಾತು, ಕಳೆದ ವರ್ಷದ ಗಾಳಿಯ ಮಾತು ಎಲ್ಲ ಬರುವುದು ಆಗಲೇ. ಎರಡು ದಿನಕ್ಕೆ ಬಂದು ಹೋಗುವವರಿಗೆ ಅದು ಸಿಗಲ್ಲ, ನಿಮಗೆ ಸಿಗುತ್ತದೆ. ಹಾಗೆ ಸಿಕ್ಕಿದ್ದನ್ನು ಜನ ಖಂಡಿತ ನೋಡುತ್ತಾರೆ ಅಂತ ನಾನು ನಂಬಿದ್ದೇನೆ.

ಅಮ್ಮನ ವಿಷಯವೂ ಹಾಗೇ. ನೆನೆಸಿದ ಎಲೆ, ಕತ್ತರಿ, ಚಿಟಿಕೆ ತಂಬಾಕು, ನೂಲು, ಓಡುವ ಬೆರಳು: ಇಷ್ಟನ್ನು ಎಲ್ಲರೂ ತೋರಿಸಿದ್ದಾರೆ. ನೀವು ಅವರ ಹಿಂದೆ, ಕಟ್ಟಿದ ಬೀಡಿ ಕೊಟ್ಟು ಬರುವ ಬ್ರಾಂಚಿನವರೆಗೂ ನಡೆಯಿರಿ. ಅಲ್ಲಿ ಕಟ್ಟು ಬಿಚ್ಚಿ, ಸರಿಯಿಲ್ಲ ಅಂತ ಒಂದಷ್ಟು ಬೀಡಿ ಪಕ್ಕಕ್ಕೆ ಹಾಕುವಾಗ ಅವರ ಮುಖ ನೋಡಿ. ಬ್ರಾಂಚಿನವರ ಒಪ್ಪಿಗೆ ಮೊದಲೇ ಕೇಳಿ. ಒಂದು ದಿನಕ್ಕೆ ಮುಗಿಸಬೇಡಿ, ವರ್ಷ ಹಿಡಿದರೂ ಹಿಡಿಯಲಿ.

ಹೊಸ ಲೆನ್ಸ್‌ಗಿಂತ ಮೊದಲು ಒಂದು ಒಳ್ಳೆ ಮೈಕ್ ತೆಗೆದುಕೊಳ್ಳಿ. ಹಂಚಿನ ಮಾಡಿನ ಮೇಲೆ ಮಳೆ ಸುರಿಯುವಾಗ ಫೋನಿಗೆ ಮಳೆ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಅಮ್ಮ ತುಳುವಿನಲ್ಲೇ ಮಾತಾಡಲಿ, ಕೆಳಗೆ ಕನ್ನಡ ಹಾಕಿ. ಸುಮ್ನೆ ಅವರ ಮಾತಿನ ಮೇಲೆ ನಿಮ್ಮ ವಿವರಣೆ ಬೇಡ.

ಹತ್ತು ನಿಮಿಷದಷ್ಟು ಎಡಿಟ್ ಆದ ಮೇಲೆ ಅಮ್ಮನಿಗೆ ಮೊದಲು ತೋರಿಸಿ. ಇದು ಬೇಡ ಅಂದರೆ ತೆಗೆದುಬಿಡಿ, ಎಷ್ಟೇ ಚಂದ ಬಂದಿದ್ದರೂ. ಆಮೇಲೆ ಮಂಗಳೂರಿನ ನಮ್ಮ ಆಫೀಸಿಗೆ ತನ್ನಿ, ಕೂತು ನೋಡೋಣ. ಅಮ್ಮನಿಗೆ ಬಿಡುವಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ.

– ಸಂಪಾದಕ