ಹನ್ನೆರಡರ ದವಡೆ ಹಲ್ಲು ಬಂದ ಮಾತ್ರಕ್ಕೆ ಹನ್ನೆರಡು ತುಂಬಿತೇ?

ಪ್ರಶ್ನೆ: ಮಗಳಿಗೆ 11 ವರ್ಷ 4 ತಿಂಗಳು. 12 ವರ್ಷದೊಳಗಿನವರ ಕಬಡ್ಡಿ ಪಂದ್ಯಕ್ಕೆ ಹೋಗಿದ್ದಳು. ವಯಸ್ಸು ನೋಡುವವರು ಬಾಯಿ ತೆರೆಸಿ, ‘ಹನ್ನೆರಡರ ದವಡೆ ಹಲ್ಲು ಬಂದಿದೆ, ವಯಸ್ಸು ಮೀರಿದೆ’ ಅಂತ ಆಡಲು ಬಿಡಲಿಲ್ಲ. ಹುಟ್ಟಿದ ವಾರದಲ್ಲೇ ಜನನ ನೋಂದಣಿ ಮಾಡಿಸಿದ್ದೇವೆ. ಹಲ್ಲು ನೋಡಿ ಹೀಗೆ ವಯಸ್ಸು ಹೇಳಬಹುದಾ? ಹಲ್ಲು ಬೇಗ ಬಂದರೆ ತೊಂದರೆ ಇದೆಯಾ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಬಾಯಿ ತೆರೆಸಿ ‘ಎರಡು ಹಲ್ಲು’, ‘ಆರು ಹಲ್ಲು’ ಅಂತ ಲೆಕ್ಕ ಹಾಕುತ್ತಾರೆ. ನಿಮ್ಮ ಮಗಳಿಗೂ ಅದನ್ನೇ ಮಾಡಿದ್ದಾರೆ.

‘ಹನ್ನೆರಡರ ಹಲ್ಲು’ ಅನ್ನುವುದು ಬರೀ ರೂಢಿಯ ಹೆಸರು. ಈ ಎರಡನೇ ಕಾಯಂ ದವಡೆ ಹಲ್ಲು ಸಾಮಾನ್ಯವಾಗಿ 11ರಿಂದ 13ರ ನಡುವೆ ಯಾವಾಗ ಬೇಕಾದರೂ ಬರುತ್ತದೆ. ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗಿಂತ ಸ್ವಲ್ಪ ಮೊದಲೇ. ನಿಮ್ಮ ಮಗಳಿಗೆ ಬಂದಿರುವುದು ಬೇಗವೂ ಅಲ್ಲ, ತಡವೂ ಅಲ್ಲ.

ಹಲ್ಲು ನೋಡಿ ವಯಸ್ಸು ಅಂದಾಜು ಮಾಡುವುದು ಹಳೆಯ ವಿದ್ಯೆಯೇ. 1833ರಲ್ಲಿ ಇಂಗ್ಲೆಂಡಿನಲ್ಲಿ 9 ವರ್ಷದೊಳಗಿನ ಮಕ್ಕಳನ್ನು ಬಟ್ಟೆ ಗಿರಣಿಯಲ್ಲಿ ದುಡಿಸಬಾರದು ಎಂಬ ಕಾನೂನು ಬಂತು. ಆದರೆ ಬಡಮಕ್ಕಳ ಹುಟ್ಟಿದ ದಿನಕ್ಕೆ ದಾಖಲೆ ಎಲ್ಲಿತ್ತು? ಎತ್ತರ ನೋಡಿ ಊಹಿಸುತ್ತಿದ್ದರು. ದಂತವೈದ್ಯ ಎಡ್ವಿನ್ ಸಾಂಡರ್ಸ್ ಸಾವಿರಕ್ಕೂ ಹೆಚ್ಚು ಮಕ್ಕಳ ಬಾಯಿ ನೋಡಿ, ಎತ್ತರಕ್ಕಿಂತ ಹಲ್ಲೇ ವಾಸಿ ಎಂದು 1837ರಲ್ಲಿ ಪಾರ್ಲಿಮೆಂಟಿಗೆ ತಿಳಿಸಿದರು. ದಾಖಲೆ ಇಲ್ಲದ ಮಕ್ಕಳಿಗಾಗಿ ಹುಟ್ಟಿದ ಉಪಾಯ ಅದು. ನಿಮ್ಮ ಕೈಯಲ್ಲಿ ದಾಖಲೆ ಇದೆ, ಅಲ್ವಾ?

ಈಗ ನಾವು ವಸಡಿನ ಮೇಲೆ ಕಾಣುವುದನ್ನು ಅಷ್ಟಾಗಿ ನಂಬುವುದಿಲ್ಲ. ಹಾಲುಹಲ್ಲು ಹುಳುಕಾಗಿ ಬೇಗ ಕೀಳಿಸಿದರೆ, ಅಥವಾ ದವಡೆಯಲ್ಲಿ ಜಾಗ ಸಾಲದಿದ್ದರೆ, ಕಾಯಂ ಹಲ್ಲು ಬರುವ ಸಮಯ ಹಿಂದೆ ಮುಂದೆ ಆಗುತ್ತದೆ. ಬೇರಿನ ಬೆಳವಣಿಗೆ ಅಷ್ಟು ಸುಲಭವಾಗಿ ಏರುಪೇರಾಗುವುದಿಲ್ಲ. ಎರಡನೇ ದವಡೆ ಹಲ್ಲು ಬಾಯಲ್ಲಿ ಕಾಣಿಸಿಕೊಂಡಾಗ ಅದರ ಬೇರು ಇನ್ನೂ ಪೂರ್ತಿ ಆಗಿರುವುದಿಲ್ಲ. ತುದಿ ಮುಚ್ಚುವುದು 14–15ರ ಹೊತ್ತಿಗೆ. ಅದಕ್ಕೇ ಎರಡೂ ದವಡೆ ಒಟ್ಟಿಗೆ ಕಾಣುವ ಎಕ್ಸ್‌ರೇ (ಓಪಿಜಿ) ತೆಗೆದು, ಒಂದೊಂದು ಹಲ್ಲು ಯಾವ ಹಂತದಲ್ಲಿದೆ ಅಂತ ನೋಡುತ್ತೇವೆ. ಕೆನಡಾದ ಡೆಮಿರ್ಜಿಯನ್ ಮತ್ತು ಜೊತೆಗಾರರು 1973ರಲ್ಲಿ ಕೊಟ್ಟ ವಿಧಾನ ಎಲ್ಲರಿಗೂ ಗೊತ್ತಿರುವುದು. ಕೆಳದವಡೆಯ ಎಡಬದಿಯ ಏಳು ಹಲ್ಲು, ಎಂಟು ಹಂತ, ಪ್ರತಿ ಹಂತಕ್ಕೂ ಅಂಕ.

ಆದರೆ ಆ ಅಂಕಗಳು ಬಂದದ್ದು ಫ್ರೆಂಚ್ ಮೂಲದ ಕೆನಡಾ ಮಕ್ಕಳಿಂದ. 1998ರಲ್ಲಿ ದಕ್ಷಿಣ ಭಾರತದ ಮಕ್ಕಳ ಮೇಲೆ ಅದೇ ವಿಧಾನ ಪ್ರಯೋಗಿಸಿದಾಗ ವಯಸ್ಸು ಸರಾಸರಿ ಎರಡೂವರೆ ವರ್ಷಕ್ಕಿಂತ ಜಾಸ್ತಿ ಬಂತು! ನಮ್ಮವರಿಗೆ ಹೊಂದುವ ಸೂತ್ರವನ್ನು 2011ರಲ್ಲಿ ಪ್ರಕಟಿಸಿದವರು ಧಾರವಾಡದ ಎಸ್.ಡಿ.ಎಂ. ದಂತ ಕಾಲೇಜಿನ ಆಶಿತ್ ಆಚಾರ್ಯ. ಒಳ್ಳೆಯ ಸೂತ್ರವೇ ಇದ್ದರೂ ಒಂದು ವರ್ಷ ಆಚೀಚೆ ಆಗುವುದು ಮಾಮೂಲು. ನಿಮ್ಮ ಮಗಳಿಗೆ 12 ತುಂಬಲು ಇನ್ನೂ 8 ತಿಂಗಳು. ಅಷ್ಟು ಸಣ್ಣ ಅಂತರವನ್ನು ಎಕ್ಸ್‌ರೇ ಕೂಡ ಹಿಡಿಯಲಾರದು. ಬಾಯೊಳಗೆ ಟಾರ್ಚ್ ಬಿಟ್ಟರೆ ಏನು ಗೊತ್ತಾಗುತ್ತದೆ?

ಬಾಲನ್ಯಾಯ ಕಾಯ್ದೆ 2015ರ 94ನೇ ಕಲಂ ಇಲ್ಲಿ ನೋಡುವಂಥದ್ದು. ಅದು ಕ್ರೀಡೆಗೆ ಸಂಬಂಧಿಸಿದ್ದಲ್ಲ ನಿಜ, ಆದರೂ ಕ್ರಮ ಸರಿಯಾಗಿದೆ. ವಯಸ್ಸಿನ ಬಗ್ಗೆ ಅನುಮಾನ ಬಂದರೆ ಮೊದಲು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ಹಾಗಾಗಿ ಸುಮ್ನೆ ಎಕ್ಸ್‌ರೇಗೆ ದುಡ್ಡು ಹಾಕಬೇಡಿ. ಜನನ ಪ್ರಮಾಣಪತ್ರದಲ್ಲಿ ನೋಂದಣಿಯ ದಿನಾಂಕವೂ ಇರುತ್ತದೆ. ಅದನ್ನು ತೋರಿಸಿ, ಸಂಘಟಕರಿಗೆ ಲಿಖಿತವಾಗಿ ಅರ್ಜಿ ಕೊಡಿ. ಆಮೇಲೂ ಪರೀಕ್ಷೆ ಬೇಕೇ ಬೇಕು ಅಂದರೆ, ಯಾವ ವಿಧಾನ, ಎಷ್ಟು ಆಚೀಚೆ ಆಗಬಹುದು ಎಂಬುದನ್ನು ವರದಿಯಲ್ಲಿ ಬರೆದುಕೊಡಿ ಎಂದು ಕೇಳಿ.

ಇನ್ನು ಹಲ್ಲಿನ ವಿಷಯ. ತೊಂದರೆ ಏನಿಲ್ಲ, ಆದರೆ ಹೊಸದಾಗಿ ಬಂದ ದವಡೆ ಹಲ್ಲಿನ ಮೇಲೆ ಆಳವಾದ ಗೆರೆಗಳಿರುತ್ತವೆ. ಬ್ರಶ್ ಅಷ್ಟು ಹಿಂದಕ್ಕೆ ಹೋಗದೆ ಅಲ್ಲೇ ಹುಳುಕು ಶುರುವಾಗುತ್ತದೆ. ಒಮ್ಮೆ ದಂತವೈದ್ಯರಿಗೆ ತೋರಿಸಿ, ಗೆರೆ ಮುಚ್ಚುವ ಸೀಲೆಂಟ್ ಬೇಕಾ ಅಂತ ಕೇಳಿ. ಹಾಕಲು ಕೆಲವೇ ನಿಮಿಷ ಸಾಕು, ನೋವೂ ಇರುವುದಿಲ್ಲ.