ಹಳೆಯ ಟ್ರೇಲರ್: ಬಣ್ಣ ನೋಡಿ ಮುಂಗಡ ಕೊಡಬೇಡಿ

ಕಬ್ಬು ಸಾಗಿಸಲು ಹಳೆಯ ಟ್ರಾಕ್ಟರ್ ಟ್ರೇಲರ್ ನೋಡಿದ್ದೇನೆ, ಹೊಸದಾಗಿ ಬಣ್ಣ ಬಳಿದಿದ್ದಾರೆ, ಕೊಳ್ಳಬಹುದೇ ಎಂದು ಕೇಳಿದ್ದೀರಿ. ಆ ಬಣ್ಣವೇ ನನಗೆ ಅನುಮಾನ ಹುಟ್ಟಿಸುತ್ತಿದೆ. ಸಣ್ಣ ಸುತ್ತಿಗೆ ಹಿಡಿದು ಕೆಳಗೆ ತೂರಿ, ಚಾಸಿಯ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿನ, ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ತುಕ್ಕು ತಿಂದಲ್ಲಿ ಸದ್ದು ಮಂಕಾಗುತ್ತದೆ. ಟ್ರಾಕ್ಟರಿಗೆ ಸಿಕ್ಕಿಸುವ ಬಳೆ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಇಲ್ಲವೇ ಅದರ ಬುಡದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ, ಬದಲಿಸದೆ ರಸ್ತೆಗೆ ಇಳಿಸಬೇಡಿ. ಮೇಲೆ ಬೆಸುಗೆ ಮೆತ್ತಿದರೆ ಸಾಲದು. ತುಂಬಿದ ಹೊರೆ ಏರಿನಲ್ಲಿ ಕಳಚಿಕೊಂಡರೆ ಹಿಂದೆ ಬರುವವರ ಗತಿ ಏನು? ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಒಂದನ್ನು ಜಾಕಿನಲ್ಲಿ ಎತ್ತಿ ಅಲುಗಾಡಿಸಿ. ಕಟಕಟ ಎಂದರೆ ಬೇರಿಂಗ್ ಬಿಚ್ಚಿ ನೋಡಬೇಕು. ಟ್ರೇಲರಿಗೆ ಪ್ರತ್ಯೇಕ ಆರ್‌ಸಿ (ನೋಂದಣಿ ಪತ್ರ) ಇರುತ್ತದೆ, ಚಾಸಿ ಸಂಖ್ಯೆಯೊಂದಿಗೆ ಹೋಲಿಸಿದ ಮೇಲೆಯೇ ಮುಂಗಡ ಕೊಡಿ.